ಎರಡನೆಯ ಗಾಡಿ

ಹನ್ನೊಂದು ವರ್ಷ ಒಂದೇ ಗಾಡಿ,
ಬಂಗಾರಪೇಟೆ ಸ್ಟೇಷನ್ ರಸ್ತೆ, ಬೇವಿನ ಮರದ ಕೆಳಗೆ.
ಗಿರಾಕಿ ಎಷ್ಟು ಎಂದು ಎಣಿಸಿದವಳಲ್ಲ ನಾನು,
ಸಾಲಿನ ಬಾಲದಿಂದ ಕಳಚಿ ಹೋದವರನ್ನು ಎಣಿಸಿದೆ:
ಶನಿವಾರ ಹದಿನೇಳು, ಭಾನುವಾರ ಇಪ್ಪತ್ತಾರು,
ಮಾರಿಕುಪ್ಪಂ ರೈಲಿಗೆ ಹೊತ್ತಾಯಿತೆಂದು ಓಡಿದ
ಆ ಹಸಿರು ಲಂಗದ ಹುಡುಗಿ ಬೇರೆ.
ರಾತ್ರಿ ಮಲಗಿದರೆ ತಿಂದವರ ಮುಖ ನೆನಪಿಲ್ಲ.
ತಿನ್ನದೆ ಹೋದವರ ಬೆನ್ನು, ಒಂದೊಂದೂ ನೆನಪು.

ನನ್ನ ಪಾನಿ ನೋಡಲು ಬರೀ ನೀರು.
ಲೋಟದಾಚೆ ಇಟ್ಟ ನಾಣ್ಯದ ಇಸವಿ ಓದಬಹುದು.
ಬಾಯಿಗೆ ಬಿದ್ದ ಮೇಲೆ ತಾನೇ ಹುಡುಕುವುದು
ಎಲ್ಲಿತ್ತು ಈ ಉರಿ, ಎಲ್ಲಿತ್ತು ಈ ತಂಪು ಎಂದು.
ಅದರಲ್ಲಿ ಏಳು ಸಾಮಾನು.
ಆರು, ಮೂಗಿರುವ ಯಾರಿಗಾದರೂ ಗೊತ್ತಾಗುವಂಥವು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದರು ನಮ್ಮ ಮನೆಯವರು.
ಹಾಸಿಗೆಯನ್ನೇ ಉದ್ದ ಮಾಡು ಅಂತ
ಯಾರೂ ಗಾದೆ ಕಟ್ಟಿಲ್ಲ, ನೋಡಿ.
ಸಂಘದಲ್ಲಿ ಎಪ್ಪತ್ತು ಸಾವಿರ ಕೇಳಿದೆ.
ಹತ್ತು ಜನ ಹೆಂಗಸರು, ಒಬ್ಬಳಿಗೆ ಮಿಕ್ಕ ಒಂಬತ್ತು ಜನ ಜಾಮೀನು.
ಬಳೆ ಅಂಗಡಿ ನೂರ್‌ಜಾನ್ ಸಹಿ ಹಾಕುತ್ತಾ ಅಂದಳು:
"ನೀನು ಮುಳುಗಿದರೆ ನನ್ನ ಬಳೆಯೂ ಮುಳುಗುತ್ತೆ, ಪಿಳ್ಳಕ್ಕ.
ಮಂಗಳವಾರ ಮಾತ್ರ ಮರೆಯಬೇಡ."
ಅಷ್ಟು ಹಗುರವಾಗಿ ಅಂದಳು, ಅದಕ್ಕೇ ಭಾರ.

ಕೋಲಾರದಲ್ಲಿ, ಗಡಿಯಾರ ಗೋಪುರದಿಂದ ಸ್ವಲ್ಪ ಈಚೆ, ಎರಡನೆಯದು.
ಹೊಸ ಸ್ಟೀಲು. ಮುಖ ಕಾಣುವಷ್ಟು ಹೊಸದು.
ನಿಲ್ಲುವುದಕ್ಕೆ ಸೆಲ್ವ, ಕೋರಮಂಡಲ್ ಲೈನಿನ ಹುಡುಗ;
ಅವನ ತಾತ ದಿನವೂ ಭೂಮಿಯೊಳಗೆ ಮೈಲಿ ದೂರ ಇಳಿದು
ಖಾಲಿ ಊಟದ ಡಬ್ಬಿಯೊಂದನ್ನೇ ಮೇಲೆ ತಂದವನಂತೆ.
ನಂಬಬಹುದಾ? ಅಂದರು ಮನೆಯವರು.
ನಂಬಲಿಲ್ಲ ನಾನು. ಪಾನಿ ಮನೆಯಲ್ಲೇ ಕಲಸಿ
ನೀಲಿ ಕ್ಯಾನಿಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ
ಮೂರೂವರೆ ಬಸ್ಸಿನ ಡ್ರೈವರ್ ಪಕ್ಕ ಕೂರಿಸಿ ಕಳಿಸಿದೆ,
ಹುಷಾರಿಲ್ಲದ ಮಗುವನ್ನು ಕಳಿಸಿದ ಹಾಗೆ.

ಬಿಸಿಲಲ್ಲಿ ಕುಲುಕಿ ಕುಲುಕಿ ಇಳಿಯುವಷ್ಟರಲ್ಲಿ
ಅದರ ಬಾಯೇ ಬಿದ್ದುಹೋಗಿರುತ್ತಿತ್ತು.
"ಬೋರ್ಡು ಬಂಗಾರಪೇಟೆದು, ರುಚಿ ಬೋರ್‌ವೆಲ್‌ದು"
ಅಂದನಂತೆ ಒಬ್ಬ ಮೇಷ್ಟ್ರು. ಸೆಲ್ವ ಇದ್ದದ್ದು ಇದ್ದ ಹಾಗೆ
ಫೋನಲ್ಲಿ ಹೇಳಿದ.
ಒಂದು ವಾರ, ಎರಡು, ಮೂರು.
ಮೊದಲ ಗಾಡಿ ದುಡಿದದ್ದನ್ನು ಎರಡನೆಯದು ತಿಂದಿತು.
ಪೂರಿ ಒತ್ತುವ ಅಂಜಿನಮ್ಮನಿಗೆ ಬಾಕಿ,
ಗ್ಯಾಸಿನವನಿಗೆ ನಾಳೆ, ಮತ್ತೆ ನಾಳೆ.
ನಾಲ್ಕನೇ ಮಂಗಳವಾರ ನೂರ್‌ಜಾನ್ ನನ್ನ ಕೈ ನೋಡಿದಳು,
ಮುಖ ನೋಡಲಿಲ್ಲ.

ಬುಧವಾರ ಸೆಲ್ವನನ್ನು ಮನೆಗೆ ಕರೆಸಿದೆ.
ಬಾಗಿಲು ಹಾಕಿದೆ. ಯಾಕೋ ಫ್ಯಾನೂ ಆರಿಸಿದೆ.
ಆರು ಹೇಳಿದೆ, ಅಳತೆ ಸಮೇತ.
ಅವನು ಬರೆದುಕೊಳ್ಳಲಿಲ್ಲ; ಬೆರಳು ಮಡಚುತ್ತಾ ಕೇಳಿದ.
ತಾನೇ ಕಲಸಿದ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು
ಗೋಡೆ ನೋಡಿದ, ಕ್ಯಾಲೆಂಡರ್ ನೋಡಿದ.
"ಅಕ್ಕ, ಏನೋ ಒಂದು ಬರಲಿಲ್ಲ ಇದಕ್ಕೆ."

ಕಳ್ಳಿ ನಾನು, ಸಿಕ್ಕಿಬಿದ್ದೆ.

ನಾಳೆ ಇವನೇ ಗಾಡಿ ಹಾಕಬಹುದು,
ನನ್ನ ಎದುರಿಗೇ, ಐದು ರೂಪಾಯಿ ಕಮ್ಮಿಗೆ.
ಮದುವೆಯಾಗಿ ಹೊಸೂರಿಗೆ ಹೋಗಬಹುದು
ಏಳನೆಯದನ್ನು ನಾಲಿಗೆಯಲ್ಲೇ ಹೊತ್ತುಕೊಂಡು.
ಆದರೆ ಬರಲಿಲ್ಲ ಎಂದು ಗೊತ್ತಾಯಿತಲ್ಲ ಇವನಿಗೆ,
ಹನ್ನೊಂದು ವರ್ಷ ತಿಂದ ನಮ್ಮ ಮನೆಯವರಿಗೆ
ಅಷ್ಟು ಗೊತ್ತಾಗಿಲ್ಲ.

ಹೇಳಿದೆ.
ಹಲ್ಲು ಕಿತ್ತ ಮೇಲೆ ನಾಲಿಗೆ ಅದೇ ಜಾಗಕ್ಕೆ ಹೋಗುತ್ತದಲ್ಲ,
ರಾತ್ರಿಯೆಲ್ಲ ಹಾಗೆ.

ಈಗ ಎರಡೂ ಗಾಡಿಯ ದುಡ್ಡಿಗೆ ಒಂದೇ ಫೋನು.
ಕೋಲಾರದಿಂದ ಮೂವತ್ತು ರೂಪಾಯಿ ಎಂದು ಅದು ಕೂಗಿದರೆ
ಪೂರಿಗೆ ತೂತು ಹೊಡೆಯುವ ಬೆರಳು ಒಂದು ಕ್ಷಣ ನಿಲ್ಲುತ್ತದೆ.
ಕೂಗದಿದ್ದರೆ ಇನ್ನೂ ಹೆಚ್ಚು ನಿಲ್ಲುತ್ತದೆ.
ಮೂವತ್ತೊಂದು ಮಂಗಳವಾರ ಬಾಕಿ.
ಇವತ್ತೂ ಸಾಲಿನ ಬಾಲದಿಂದ ಇಬ್ಬರು ಕಳಚಿಕೊಂಡರು.
ಹೋಗಲಿ ಬಿಡು, ಅಂದುಕೊಂಡೆ.
ಅರ್ಧ ನಿಜವಾಗಿ.