ಹಿಂದಿನ ಕಾರಣ

ಹಲಸೂರಿನ ಈ ಕಚೇರಿಯಲ್ಲಿ ನನ್ನ ಮೇಜಿಗೆ ಎರಡು ಕಟ್ಟು ಬಂದಿವೆ.
ಹಸಿರು ದಾರದ್ದು ಸೇನೆಯದು,
ಬಿಳಿ ದಾರದ್ದು ಉಳಿದ ಊರಿನದು.
ಯಾರು ಯಾತರಿಂದ ಸತ್ತರು, ಹೋಲಿಸಿ
ಒಂದು ಕೋಷ್ಟಕ ಮಾಡಿಕೊಡಿ ಅಂದಿದ್ದಾರೆ
ವೃಷಭೇಂದ್ರ ಸಾಹೇಬರು, ಶುಕ್ರವಾರದೊಳಗೆ.

ಹಸಿರು ಗಂಟು ಬಿಚ್ಚಿದರೆ
ಗುಂಡು, ಸಿಡಿಮದ್ದು, ಗಡಿ ಅಂದುಕೊಂಡಿದ್ದೆ.
ಬಿಚ್ಚಿದೆ.
ಮೋಟಾರ್ ಸೈಕಲ್. ಮೋಟಾರ್ ಸೈಕಲ್. ಹೃದಯ.
ರಜೆಗೆಂದು ಬಂದವನು ಹೆಬ್ಬಾಳದ ಮೇಲ್ಸೇತುವೆಯಲ್ಲಿ.
ಕಾಮಾಲೆ. ಈಜುಕೊಳ.
ಇನ್ನೊಬ್ಬ ತನ್ನ ಕೈಯಾರೆ, ಸಂಬಳ ಬಂದ ದಿನ;
ಷರಾದಲ್ಲಿ 'ಮನೆಯ ವಿಚಾರ' ಎಂದಷ್ಟೇ.
ಗುಂಡು ಇತ್ತು, ಒಂದೇ ಒಂದು,
ಅದೂ ಬಂದೂಕು ಒರೆಸುವಾಗ.

ಬಿಳಿಯದರಲ್ಲಿ ಓಬಳೇಶ, ಇಪ್ಪತ್ತಾರು,
ಮ್ಯಾನ್‌ಹೋಲಿಗೆ ಇಳಿದವನು: ವಿಷಾನಿಲ.
ಅವನನ್ನು ಎಳೆದು ತರಲು ಇಳಿದ ಅವನ ಭಾವ: ವಿಷಾನಿಲ.
ಪಕ್ಕದ ಕುರ್ಚಿಯ ಶಕೀಲಾ ಬಗ್ಗಿ ನೋಡಿ
"ಇದು ಆ ಕಟ್ಟಿಂದಲ್ವೇನೇ?" ಅಂದಳು.
ಜತೆಗಾರನನ್ನು ತರಹೋಗಿ ಸತ್ತವನಿಗೆ
ಆ ಕಡೆ ಪದಕವಿದೆ, ಕಹಳೆಯಿದೆ.
ಈ ಕಡೆ ನಾನಿದ್ದೇನೆ,
ಮೂಗು ಮುಚ್ಚಿಕೊಳ್ಳದೆ ಸಂಖ್ಯೆ ಬರೆಯಲು.

ಕೂಡಿ ಕಳೆದು ನೋಡಿದರೆ: ಸೈನಿಕ ಕಡಿಮೆ ಸಾಯುತ್ತಾನೆ.
ಸಾಹೇಬರಿಗೆ ಖುಷಿ. ದಪ್ಪಕ್ಷರದಲ್ಲಿ ಹಾಕಿ ಅಂದರು.
ನಾನು ಬಾಯಿ ಬಿಟ್ಟೆ, ಬಿಡಬಾರದಿತ್ತು.
ಸಾರ್, ಎದೆ ಅಳೆದು, ಹಲ್ಲು ಎಣಿಸಿ, ಮೈಲಿ ಓಡಿಸಿ,
ಕಣ್ಣಿಗೆ ಟಾರ್ಚು ಬಿಟ್ಟು ಆರಿಸಿಕೊಂಡವರು ಅವರು.
ಆರಿಸಿದ ಮೇಲೆ ಉಳಿದದ್ದು ನಾವು:
ಉಬ್ಬಸದವರು, ಬಾಣಂತಿಯರು, ಎಂಬತ್ತು ದಾಟಿದವರು,
ಹುಟ್ಟಿದ ಮೂರನೇ ದಿನಕ್ಕೆ ಹೊರಟವರು.
ಕೇರಿದ ಅಕ್ಕಿಯ ಪಕ್ಕ ನುಚ್ಚು ಸುರಿದು
ಅಕ್ಕಿಯೇ ಗಟ್ಟಿ ಅಂದರೆ
ಮೊರದ ಮಾತು ಯಾರು ಹೇಳಬೇಕು?
"ಅಡಿಟಿಪ್ಪಣಿ ಹಾಕಿ" ಅಂದರು.
ಹಾಕಿದೆ. ಸಣ್ಣಕ್ಷರದಲ್ಲಿ.

ಬಿಳಿ ಕಟ್ಟಿನ ನೂರ ಹನ್ನೆರಡನೆಯ ಹಾಳೆ
ಬರುತ್ತದೆ ಅಂತ ಗೊತ್ತಿತ್ತು.
ಬೆರಳಿಗೆ ಎಂಜಲು ಹಚ್ಚದೆ ತಿರುಗಿಸಿದೆ.
ದೇವಸಹಾಯಂ, ಗಂಡು, ಐವತ್ತೇಳು, ಮರ್ಫಿ ಟೌನ್.
ವೃತ್ತಿ: ಆಟೋ ಚಾಲಕ.
(ಅ) ತಕ್ಷಣದ ಕಾರಣ: ತಲೆಬುರುಡೆಗೆ ಪೆಟ್ಟು
(ಆ) ಅದಕ್ಕೆ ಹಿಂದಿನ ಕಾರಣ: ರಸ್ತೆ ಅಪಘಾತ, ದೊಮ್ಮಲೂರು
(ಇ) ಅದಕ್ಕೂ ಹಿಂದಿನದು:
ಅಲ್ಲಿ ಒಂದು ಗೆರೆ, ಅಷ್ಟೆ.

ಅಪ್ಪ ಹದಿನೇಳು ವರ್ಷ ಸ್ಯಾಪರ್.
ಬಲಗಾಲಿನ ಮೂರು ಬೆರಳನ್ನು ಹಿಮದಲ್ಲಿ ಬಿಟ್ಟು ಬಂದವರು.
ಕೇಳಿದರೆ "ಅಡ ಇಟ್ಟಿದ್ದೀನಿ, ಬಿಡಿಸ್ಕೊಳ್ಳೋಕಾಗ್ಲಿಲ್ಲ" ಅನ್ನೋರು.
ಖಾಲಿ ಜಾಗಕ್ಕೆ ಹತ್ತಿ ತುರುಕಿ ಬೂಟು ಹಾಕಿಕೊಂಡು
ಬೆಳಗಿನ ಐದಕ್ಕೆ ಕೆರೆಯಾಚೆ ಕಹಳೆ ಕೇಳಿಸುವ ಮೊದಲೇ
ಆಟೋ ಒರೆಸಿ ನಿಲ್ಲಿಸೋರು.
ಆಟೋದ ಬ್ರೇಕು ಬಲಗಾಲಿಗೇ ತಾನೆ.
"ಮಳೆ ದಿನ ಪೆಡಲ್ ಜಾರುತ್ತೆ ಕಣಮ್ಮ"
ಅಂದಾಗ ನಾನು ಧಾರಾವಾಹಿ ನೋಡುತ್ತಾ
ಹ್ಞೂಂ ಅಂದಿದ್ದೆ. ಎರಡು ಸಲ.

ನಿಯಮ ಸರಳ.
ಪಿಂಚಣಿ ಪುಸ್ತಕ ಕೈಗೆ ಬಂದ ಮರುದಿನದಿಂದ
ಅವರು ಸತ್ತರೆ ನಾಗರಿಕರು.
ಇಪ್ಪತ್ತೈದು ವರ್ಷದ ಹಿಂದಿನ ಹಿಮ
ಬೆಟ್ಟ ಇಳಿದು, ರೈಲು ಹತ್ತಿ, ಒಂದು ಬೂಟಿನೊಳಗೆ ಕರಗದೆ ಕೂತು,
ದೊಮ್ಮಲೂರಿನ ಸಿಗ್ನಲ್ಲಿಗೆ ಬಂದು ಮುಟ್ಟಲು
ಎಷ್ಟು ಸಾಲು ಬೇಕು?
ನಮೂನೆಯಲ್ಲಿರುವುದು ಮೂರು.

ಪೆನ್ಸಿಲಿನಲ್ಲಿ ಬರೆದೆ, (ಇ)ಯ ಮುಂದೆ, ಎರಡೇ ಅಕ್ಷರ.
ಅದಕ್ಕೆ ಸಂಖ್ಯೆ ಹುಡುಕಿದೆ, ದಪ್ಪ ಪುಸ್ತಕದಲ್ಲಿ.
ಇತ್ತು. ಆದರೆ ಬೇರೆ ಅಧ್ಯಾಯದಲ್ಲಿ.

ಶಕೀಲಾ ಏನೂ ಕೇಳದೆ ರಬ್ಬರು ತಂದು ಇಟ್ಟಳು.
"ಊಟದ ಡಬ್ಬಿ ತೆಗಿ ಮೊದಲು" ಅಂದೆ.
ಶುಕ್ರವಾರಕ್ಕೆ ಇನ್ನೂ ಒಂದು ದಿನ ಇದೆ.