ಹನ್ನೊಂದು ದಿನ ಹೆಸರಿರಲಿಲ್ಲ

ಎರಡು ಮೂಟೆ ರಾಗಿ ಕೊಟ್ಟು
ಹಿರಿಯೂರ ಕಡೆ ಕುರಿಯವರಿಂದ ತಂದದ್ದು.
ಅವಳು ಇಳಿದ ಮೇಲೆ ಗೂಡ್ಸ್ ಆಟೋ
ನಾಲ್ಕು ಬೆರಳು ಮೇಲೆದ್ದಿತು.
ಕರುವಿನ ಎತ್ತರ, ಸೀದ ಬೆಲ್ಲದ ಬಣ್ಣ,
ಬಲಗಿವಿ ಅರ್ಧ ಇಲ್ಲ.
ಹೆಸರೇನಪ್ಪಾ ಅಂದರೆ ಕುರಿಯವನು
ಎಲೆಯಡಿಕೆ ಉಗಿದು ಹೇಳಿದ:
"ನಾನೂರು ಕುರಿ, ಏಳು ನಾಯಿ.
ಯಾವುದಕ್ಕಂತ ಇಡಾನ?"

ಹಟ್ಟಿ ಬಾಗಿಲಿಗೆ ಅಡ್ಡ ಕೂತಳು.
ಬೆನ್ನ ಹಿಂದೆ ಬನ್ನೂರು ಕುರಿ, ಮೂವತ್ತೆರಡು.
ಕಣ್ಣ ಮುಂದೆ ಕಬ್ಬು.
ಕಬ್ಬಿನೊಳಗೆ ಎಲ್ಲೋ
ಮರಿ ಹಾಕಿದ ಚಿರತೆ.

ರಾತ್ರಿ ಊಟಕ್ಕೆ ಶುರುವಾಯಿತು ಪಂಚಾಯ್ತಿ.
ರಾಣಿ ಅಂದರು ಭಾವ.
ಎದುರುಮನೆ ಎಮ್ಮೆಯೂ ರಾಣಿಯೇ.
ಕೆಂಪಿ? ಅತ್ತೆಯ ತಂಗಿ ಕೆಂಪಮ್ಮ
ಹಬ್ಬಕ್ಕೆ ಬಂದು ಜಗುಲಿಯಲ್ಲಿ ಕೂತಾಗ
"ಕೆಂಪೀ, ಆಚೆ ನಡಿ" ಅಂದರೆ
ಮೂರು ತಲೆಮಾರು ಮಾತು ಬಿಟ್ಟಂತೆ.
ಹುಲಿ ಅಂದರು ನಮ್ಮ ಯಜಮಾನರು.
"ಅದರ ಹೆಸರ ಇರುಳಲ್ಲಿ ಕೂಗಬ್ಯಾಡಿ,
ಕರೆದೋರ ಮನೆಗೆ ಬತ್ತದೆ."
ದೇವರ ಹೆಸರಿಟ್ಟರೆ ಬಯ್ಯುವ ಹಾಗಿಲ್ಲ,
ಬಯ್ಯದೆ ನಾವು ಯಾರನ್ನು ಸಾಕಿದ್ದೇವೆ?
ಮಗಳು ಬ್ರೌನಿ ಅಂದಳು.
ಅತ್ತೆಯ ಬಾಯಲ್ಲಿ ಅದು ತಿರುಗಿ ತಿರುಗಿ
ಬವಣೆ ಆಯಿತು.
"ಇರೋದೇ ಸಾಕು ಕಣವ್ವ, ಇನ್ನೊಂದ್ಯಾಕೆ?"

ನನ್ನ ಹತ್ತಿರವೂ ಒಂದಿತ್ತು.
ಎರಡನೆಯದು ಹೆಣ್ಣಾದರೆ ಅಂತ
ಸೆರಗಿನ ಗಂಟಲ್ಲಿ ಇಟ್ಟುಕೊಂಡಿದ್ದ ಹೆಸರು.
ಗಂಟು ಬಿಚ್ಚಲಿಲ್ಲ.
ತಟ್ಟೆ ಎತ್ತಿಕೊಂಡು ಎದ್ದೆ.

ಹೊತ್ತಿಗೆ ಮೂರು ಮುದ್ದೆ ತಿಂದಳು.
ಕರೆದದ್ದಕ್ಕೆಲ್ಲ ಒಂದೇ ಉತ್ತರ,
ಆಕಳಿಕೆ.

ಅತ್ತೆ ನಿಂಗಾಜಮ್ಮನಿಗೆ ಎರಡೂ ಕಣ್ಣಲ್ಲಿ ಪೊರೆ.
ತೆಂಗಿನ ಗರಿ ಬಿದ್ದರೂ, ಬೆಕ್ಕು ಹಾರಿದರೂ,
ಮಾವ ಬೀಡಿಗೆ ಎದ್ದರೂ
ಚಾಪೆಯಿಂದಲೇ ನಲವತ್ತು ವರ್ಷದ ಗದರಿಕೆ:
"ಯಾರ್ಲಾ ಅದು?"
ಗಾಳಿ ಅಂಜಿ ಸುಮ್ಮನಾಗುತ್ತಿತ್ತು.
ನಾವು ಮಗ್ಗುಲಾಗುತ್ತಿದ್ದೆವು.
ಹಟ್ಟಿ ಬಾಗಿಲಲ್ಲಿ ಮಾತ್ರ ಯಾರೋ ಎದ್ದು
ಮೈ ಒದರಿಕೊಂಡು ಬಂದು
ಅತ್ತೆಯ ಅಂಗೈಗೆ ತಣ್ಣನೆ ಮೂಗು ಇಟ್ಟು
ಹಿಂತಿರುಗುತ್ತಿದ್ದದ್ದು
ನಮಗೆ ತಿಳಿದದ್ದು ತಡವಾಗಿ.

ಹನ್ನೊಂದನೆಯ ರಾತ್ರಿ. ಕರೆಂಟಿಲ್ಲ.
ಕುರಿಗಳೆಲ್ಲ ಒಂದರ ಮೇಲೊಂದು
ಮೂಲೆಗೆ ಒತ್ತಿಕೊಂಡ ಸದ್ದು,
ಆಮೇಲೆ ಸದ್ದೇ ಇಲ್ಲ.
"ಯಾರ್ಲಾ ಅದೂ!"
ತನ್ನನ್ನೇ ಕರೆದರೆಂದು ಎದ್ದಳು,
ಈ ಸಲ ಅತ್ತೆಯ ಕಡೆಗೆ ಬರಲಿಲ್ಲ.
ಹತ್ತಾಳು ಒಟ್ಟಿಗೆ ಕಡಿಯುವ ಹಾಗೆ
ಕಬ್ಬು ಮುರಿಯಿತು, ದೂರ, ಇನ್ನೂ ದೂರ,
ನಾಲೆಯ ಏರಿಯವರೆಗೆ.

ಬೆಳಗಿನ ಜಾವ ಬಂದು ಕೂತಿದ್ದಳು, ಅಲ್ಲೇ.
ಕೊರಳ ಮುಳ್ಳುಪಟ್ಟಿಯಲ್ಲಿ ಎರಡು ಮೊಳೆ ಸೊಟ್ಟ,
ಭುಜದಲ್ಲಿ ನಾಲ್ಕು ಗೆರೆ.
ಮಗಳು ಮೂರು ಸಲ ಎಣಿಸಿದಳು,
ಮೂರು ಸಲವೂ ಮೂವತ್ತೆರಡು.

ಮಳವಳ್ಳಿ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು
ಚೀಟಿ ಹಿಡಿದು ಕೇಳಿದ, ಹೆಸರು?
"ಯಾರ್ಲಾ" ಅಂದೆ.
ಪೆನ್ನು ಕೆಳಗಿಟ್ಟ.
"ನಂಗೇ ಗದರ್ತೀಯಲ್ಲಮ್ಮ!"
ಅವಳು ಅಷ್ಟರಲ್ಲಿ ಮುಖ ಎತ್ತಿ
ಬಾಲವನ್ನು ಒಂದೇ ಸಲ ನೆಲಕ್ಕೆ ಬಡಿದಳು.
ಅವನು ಬರೆದುಕೊಂಡ.

ಹೆಣ್ಣಿಗೆ ಲಾ ಅನ್ನಬಾರದು, ಯಾರೇ ಅನ್ನಿ ಎಂದು
ಅತ್ತೆಯದು ಈಗ ಹೊಸ ತಕರಾರು.
ಯಾರೇ ಅಂದರೆ ಇವಳು ತಿರುಗುವುದಿಲ್ಲ.

ನಾಲೆ ನೀರಿನ ಸರದಿ ಮುಗಿಸಿ
ನಡುರಾತ್ರಿ ಮನೆಗೆ ಬರುತ್ತೇನೆ.
ಒಳಗಿನಿಂದ ಅದೇ ಗದರಿಕೆ.
ನಾನು ಅನ್ನುವ ಮೊದಲೇ ಅಡ್ಡ ಬಂದು
ಮೊಣಕೈವರೆಗೂ ಮೂಸಿ ದಾರಿ ಬಿಡುತ್ತಾಳೆ.
ಒಂದು ಇರುಳು, ಎಲ್ಲರೂ ಮಲಗಿದ್ದರು,
ಕೂತು, ಆ ಅರ್ಧ ಕಿವಿಯ ಹತ್ತಿರ ಬಾಯಿಟ್ಟು
ಗಂಟಿನ ಹೆಸರನ್ನು ಮೂರು ಸಲ ಹೇಳಿದೆ,
ತೊಟ್ಟಿಲ ಶಾಸ್ತ್ರದಲ್ಲಿ ಹೇಳುವ ಹಾಗೆ.
ನೊಣ ಕೂತಂತೆ ಕಿವಿ ಕೊಡವಿದಳು.
ಒಳ್ಳೇದೇ ಆಯಿತು.
ಕಾಲು ತೊಳೆದು ಒಳಗೆ ಹೋದೆ.