ಮೂಲೆಯ ಕೆಲಸ

ಫಹಾಹೀಲಿನಲ್ಲಿ ಜೂನ್ ಬಂತೆಂದರೆ ಕಿಟಕಿಗೆ ಬೆಳ್ಳಿ ಕಾಗದ.
ಮಿಕ್ಕ ತುಂಡಿನಲ್ಲಿ ನಾನು ಎಲೆ ಕತ್ತರಿಸುತ್ತೇನೆ.
ಇವರಿಗೆ ರಿಫೈನರಿಯಲ್ಲಿ ರಾತ್ರಿ ಪಾಳಿ;
ಹಗಲೆಲ್ಲ ಮಲಗಿರುವ ಮನೆಯಲ್ಲಿ
ಸದ್ದಾಗದ ಕೆಲಸ ಕಾಗದದ್ದೊಂದೇ.

ಲಾಂಡ್ರಿಯವನು ಕಾಲರಿಗೆ ಚುಚ್ಚಿ ಕಳಿಸುವ ನಂಬರು ಚೀಟಿ,
ಖರ್ಜೂರದ ಡಬ್ಬಕ್ಕೆ ಬಿಗಿದ ಜರಿದಾರ,
ಅಬಾಯಾ ಅಂಗಡಿಯ ಹುಡುಗ ಗುಡಿಸಿ ಎತ್ತಿಟ್ಟ ಕಪ್ಪು ಮಣಿ.
ಗುಜರಿ ಅನ್ನುತ್ತಾರೆ ಇವರು. ಅನ್ನಲಿ.
ಕಾಫಿ ಸೋಸುವ ಕಾಗದವನ್ನು
ಇವರು ಕುಡಿದು ಬಿಟ್ಟ ಚಹಾದಲ್ಲಿ ಅದ್ದಿ ಒಣಗಿಸಿದರೆ
ಬಾಡಿದ ಗುಲಾಬಿಯ ಬಣ್ಣ.
ಐದು ಬಿಲ್ಲೆ ಪೇರಿಸಿ, ನಡುವೆ ಒಂದು ಹೊಲಿಗೆ ಹಾಕಿ
ಉಗುರಿನಿಂದ ಮುದುರಿದರೆ
ಹೂವು.

ಅರಬ್ಬೀ ಪತ್ರಿಕೆಯನ್ನು ಕಡ್ಡಿಗೆ ಸುತ್ತಿದರೆ
ಮಣಿ ಗಟ್ಟಿಯಾಗಿ ಬರುತ್ತದೆ.
ಕತ್ತರಿ ಇಡುವ ಮೊದಲು ಮಾತ್ರ ನೋಡಬೇಕು:
ಒಂದು ನೆಟ್ಟನೆ ಗೀಟು, ಎರಡು ಎದ್ದ ಕೋಲು,
ಕೊನೆಗೊಂದು ಪುಟ್ಟ ಕುಣಿಕೆ.
ಅದು ದೇವರ ಹೆಸರು, ಇಲ್ಲಿ ಬೀಳಬಾರದು
ಎಂದು ಕಸದ ಡ್ರಮ್ಮಿನ ಹತ್ತಿರ ನನ್ನ ಕೈ ಹಿಡಿದವಳು
ಹಿಂದಿನ ಬೀದಿಯ ಮನೆಯ ನಂದಾವತಿ.
ಅವಳ ದೇವರೂ ಅಲ್ಲ, ನನ್ನದೂ ಅಲ್ಲ.
ಆ ಲಿಪಿಯಲ್ಲಿ ನನಗೆ ಓದಲು ಬರುವುದು ಇವತ್ತಿಗೂ ಆ ಒಂದು ಪದ;
ಉಳಿದದ್ದೆಲ್ಲ ಕತ್ತರಿಸಬಹುದಾದದ್ದು,
ಯುದ್ಧ, ಫುಟ್‌ಬಾಲು, ಎಣ್ಣೆಯ ದರ.

ಹೋದ ಮಂಗಳವಾರ ಆ ಮನೆಯ ಯಜಮಾನಿ ಬಂದರು,
ಉಮ್ಮ್ ಮಿಶಾರಿ, ಕಂಕುಳಲ್ಲಿ ಬೂಟಿನ ಡಬ್ಬ.
ವಾರಿಜಾ ಎನ್ನಲು ಅವರ ನಾಲಿಗೆ ಹೊರಳದು.
"ಫಾರಿಜಾ, ನಂದಾ ಊರಿಗೆ ಹೋಗುತ್ತಾಳೆ, ಇನ್ನು ಬರುವುದಿಲ್ಲ.
ಇಪ್ಪತ್ತೆರಡು ವರ್ಷ. ಅವಳಿಗೊಂದು ಆಲ್ಬಂ ಮಾಡು.
ಹೂವು ಧಾರಾಳ ಹಾಕು,
ನನ್ನ ಮಗಳ ಮದುವೆ ಆಲ್ಬಮ್ಮಿಗೆ ಹಾಕಿದ್ದೆಯಲ್ಲ, ಹಾಗೆ."

ರಾತ್ರಿ ಚಾಪೆಯ ಮೇಲೆ ಫೋಟೊ ಹರಡಿದೆ.
ಮಿಶಾರಿಯ ಮೊದಲ ಹಲ್ಲು. ಮಿಶಾರಿಯ ಸೈಕಲ್ಲು.
ಕಡಲ ದಂಡೆಯಲ್ಲಿ ಅವನ ತಂಗಿಯರು, ಬಾಯಿತುಂಬ ಐಸ್‌ಕ್ರೀಮು.
ನಂದಾವತಿ ಎಲ್ಲಿ?
ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಬಗ್ಗಿ ಕೂತೆ.
ಕೇಕಿನ ಪಕ್ಕ ಒಂದು ಮೊಣಕೈ.
ಸೈಕಲ್ಲಿನ ಸೀಟು ಹಿಡಿದ ನಾಲ್ಕು ಬೆರಳು.
ಮರಳಿನ ಮೇಲೆ, ಮಕ್ಕಳ ಪಾದದವರೆಗೆ ಚಾಚಿದ ನೆರಳು,
ಎರಡೂ ಕೈ ಮುಖದ ಹತ್ತಿರ:
ಕ್ಯಾಮೆರಾ ಹಿಡಿದಿದ್ದಾಳೆ.

ಎಲ್ಲವೂ ಮೂಲೆಯಲ್ಲಿ.
ಮೂಲೆ ಅಂದರೆ ನನ್ನ ಜಾಗ.
ಬೋಳು ಕಾಣದಿರಲಿ ಎಂದು
ಇಷ್ಟು ವರ್ಷ ನಾನು ಹೂವು ಮೆತ್ತಿದ್ದು ಅಲ್ಲಿಯೇ.
ಆ ಮದುವೆಯ ಆಲ್ಬಮ್ಮಿನಲ್ಲಿ
ಎಷ್ಟು ಮೊಣಕೈ ಮುಚ್ಚಿದೆನೋ.

ಲಾಂಡ್ರಿ ಚೀಟಿಯನ್ನು ಎಳೆಎಳೆಯಾಗಿ ಸೀಳಿ
ಹೆಬ್ಬೆಟ್ಟಿನಷ್ಟು ಚೌಕಟ್ಟು ಕಟ್ಟಿದೆ.
ಮೊಣಕೈಗೊಂದು. ಬೆರಳಿಗೊಂದು.
ಬಾಗಿಲ ಸಂದಿಯ ಸೆರಗಿಗೊಂದು.
ನೆರಳಿನ ಸುತ್ತಳತೆ ದೊಡ್ಡದು, ಬೆಳ್ಳಿ ಕಾಗದ ಸಾಲದೆ
ಬೆಳಗ್ಗೆ ಕಿಟಕಿಯಿಂದ ಒಂದು ಪಟ್ಟಿ ಸುಲಿದೆ.
ಅಷ್ಟಗಲದ ಬಿಸಿಲು ಒಳಗೆ ಬಂದು
ಆಗತಾನೆ ಮಲಗಿದ್ದ ಇವರ ಕಣ್ಣಿಗೆ ಬಿತ್ತು.
ಬೈಸಿಕೊಂಡೆ.

ಉಮ್ಮ್ ಮಿಶಾರಿ ಪುಟ ತಿರುಗಿಸಿದರು, ಹಿಂದಕ್ಕೆ ಹೋದರು,
ಒಂದು ಚೌಕಟ್ಟಿನ ಮೇಲೆ ಬೆರಳಿಟ್ಟರು.
"ಈ ಬಳೆ ನಾನೇ ಕೊಟ್ಟದ್ದು," ಅಂದರು.
ಮತ್ತೇನೂ ಅನ್ನಲಿಲ್ಲ. ದುಡ್ಡು ಹೆಚ್ಚೇ ಕೊಟ್ಟರು.

ಗುರುವಾರ ನಂದಾವತಿಯೇ ಬಂದಳು,
ಆಲ್ಬಂ ಸೂಟ್‌ಕೇಸಿಗೆ ಹಿಡಿಸದೆ ಕೈಯಲ್ಲೇ.
ತನ್ನ ಮೊಣಕೈ ಗುರುತು ಹಿಡಿದು ನಕ್ಕಳು, ಸುಟ್ಟ ಕಲೆ ತೋರಿಸಿದಳು.
ನಾನು ಹೊಗಳಿಕೆಗೆ ಕಾದು ನಿಂತಿದ್ದೆ.
"ಎಲ್ಲ ಸರಿ. ಹೂವು ಯಾಕಿಲ್ಲ?
ಮೇಡಂ ಹೂವು ಹಾಕಿಸುತ್ತೇನೆ ಅಂದಿದ್ದರು."

ಡಬ್ಬ ತಡಕಿ ಇದ್ದುದರಲ್ಲಿ ದೊಡ್ಡದನ್ನು ಕೊಟ್ಟೆ.
ಕಾಗದದ್ದೆಂದು ಗೊತ್ತಿದ್ದೂ
ಮೂಗಿಗೆ ಹಿಡಿದಳು.
"ಚಹಾ," ಅಂದಳು. ಇನ್ನೊಮ್ಮೆ ಮೂಸಿದಳು.
"ಏಲಕ್ಕಿ ಹಾಕಿದ್ದು."